ಅರ್ಧ ಹೆಸರಿನ ತೋಟೆಗಳು

2023 ಆಗಸ್ಟ್ 11, ಶುಕ್ರವಾರ

ಕಕ್ಕಡ ತಿಂಗಳು ಮುಗಿಯುತ್ತ ಬಂತು, ಕೊಡೆ ಬಿಚ್ಚುವಂಥ ಮಳೆಯಿಲ್ಲ. ಜುಲೈ ಕೊನೆಯಲ್ಲಿ ಸುರಿದದ್ದೇ ಸುರಿದದ್ದು. ಮಳೆ ಬಿಟ್ಟರೆ ಜನ ಪೇಟೆಗೆ ಬರುತ್ತಾರೆ, ಪೇಟೆಗೆ ಬಂದವರು ನಮ್ಮ ಕೋವಿ, ತೋಟೆ ಅಂಗಡಿಯ ಮೆಟ್ಟಿಲೂ ಹತ್ತುತ್ತಾರೆ. ಕೋವಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ಹಬ್ಬ ಹತ್ತಿರ ಬಂತಲ್ಲ, ಕೋವಿ ಒರೆಸುವ ಎಣ್ಣೆಗೇ ಅರ್ಧ ದಿನ ವ್ಯಾಪಾರ.

ಮಧ್ಯಾಹ್ನ ಒಬ್ಬರು ಅಮ್ಮ ಬಿಸ್ಕತ್ತಿನ ಡಬ್ಬ ತಂದಿಟ್ಟರು. ಹಿರಿಯರ ಕಾಲದ ಐನ್‌ಮನೆಯ ಅಟ್ಟ ಗುಡಿಸುವಾಗ ಸಿಕ್ಕಿದ್ದಂತೆ. "ಇದರಲ್ಲಿ ಒಳ್ಳೆಯದು ಯಾವುದು ನೋಡಿ ಕೊಡಪ್ಪ, ಹಬ್ಬದ ದಿನ ಮೊಮ್ಮಗ ಹೊಡೆಯುತ್ತಾನಂತೆ." ಡಬ್ಬದ ತುಂಬ ತೋಟೆ. ಮೇಜಿನ ಮೇಲೆ ಹಳೇ ಪೇಪರ್ ಹಾಸಿ ಒಂದೊಂದೇ ಎತ್ತಿಟ್ಟೆ. ಹೆಚ್ಚಿನವು ಈಲಿ ಕಂಪನಿಯ ಕಾಗದದ ಕೊಳವೆಯವು. ತೇವ ಕುಡಿದು ಹೊಟ್ಟೆ ಉಬ್ಬಿದೆ, ಹಿತ್ತಾಳೆಯ ಬುಡ ಹಸಿರುಗಟ್ಟಿದೆ. ನಾಲ್ಕಾರು ಇಡಿಯಾಗಿ ಹಿತ್ತಾಳೆಯವು, ಮನೆಯಲ್ಲೇ ಮದ್ದು ತುಂಬಿಸಿದವು. ಒಳಗೇನಿದೆಯೆಂದು ತುಂಬಿದ ಅಜ್ಜನೇ ಎದ್ದು ಬಂದು ಹೇಳಬೇಕು. ಇವೆಲ್ಲದರ ನಡುವೆ ಒಂದು ಹಳದಿ ಪ್ಲಾಸ್ಟಿಕ್ಕಿನದು, ಮಿಕ್ಕವಕ್ಕಿಂತ ತೆಳ್ಳಗೆ. ಬುಡ ತಿರುಗಿಸಿ ನೋಡಿದರೆ 20.

ಅವರ ಅತ್ತೆಯವರಿಗೆ ಹಗುರದ ಕೋವಿಯೊಂದಿತ್ತಂತೆ, ಎಂದೋ ಮಾರಿದ್ದಾರೆ. ಈಗ ಮನೆಯಲ್ಲಿರುವುದು 12 ಬೋರಿನ ಜೋಡಿ ನಳಿಕೆ ಒಂದೇ. ಕೋವಿ ಮಾರಿದ ಮೇಲೂ ಅದರ ತೋಟೆ ಮನೆಯಲ್ಲೇ ಉಳಿದುಬಿಡುತ್ತದೆ.

ನಾನು ಹೆದರುವುದು ಈ ಹಳದಿ ತೋಟೆಗೆ. ದೊಡ್ಡ ತೋಟೆ ಸಣ್ಣ ಕೋವಿಗೆ ಹೋಗುವುದಿಲ್ಲ, ಅಲ್ಲಿಗೆ ತಂಟೆ ಮುಗಿಯಿತು. ಸಣ್ಣದು ದೊಡ್ಡದಕ್ಕೆ ಹೋಗುತ್ತದೆ. 20ರ ತೋಟೆಯನ್ನು 12ರ ಕೋವಿಗೆ ಹಾಕಿದರೆ ತೋಟೆ ಕೂರುವ ಚೇಂಬರಿನಲ್ಲಿ ನಿಲ್ಲದೆ ಜಾರಿ, ಮುಂದೆ ನಳಿಕೆ ಕಿರಿದಾಗುವಲ್ಲಿ ಅಂಚು ಸಿಕ್ಕಿಕೊಂಡು ಕೂರುತ್ತದೆ. ಹಿಂದಿನಿಂದ ನೋಡುವವನಿಗೆ ಕೋವಿ ಖಾಲಿ. ಎಳೆದರೆ ಈಡು ಏಳುವುದಿಲ್ಲ. ಹಾಕಲು ಮರೆತೆನೇನೋ ಅಂದುಕೊಂಡು ಹಿಂದೆ 12ರದ್ದು ಹಾಕುತ್ತಾನೆ, ಅದೂ ಸಲೀಸಾಗಿ ಕೂರುತ್ತದೆ. ಮತ್ತೆ ಎಳೆದನೋ, ನಳಿಕೆ ಒಡೆಯುವುದು ಎಡಗೈ ಹಿಡಿದಿರುವ ಆಸುಪಾಸಿನಲ್ಲೇ. 20ರ ತೋಟೆಗೆ ಹಳದಿ ಬಣ್ಣ ಮೀಸಲಿಡುವುದೆಂದು ಕಂಪನಿಗಳು ರೂಢಿ ಮಾಡಿಕೊಂಡಿದ್ದು ಈ ಕಾರಣಕ್ಕೇ.

ಅಮ್ಮನಿಗೆ ಇಷ್ಟೂ ಹೇಳಿ, ಡಬ್ಬದಲ್ಲಿ ಒಂದೂ ಹೊಡೆಯುವಂಥದ್ದಿಲ್ಲ, ಠಾಣೆಗೆ ಒಪ್ಪಿಸಿ ರಸೀದಿ ಇಟ್ಟುಕೊಳ್ಳಿ ಅಂದೆ. "ಇಷ್ಟೊಂದು ಹಿತ್ತಾಳೆ ಹಾಳಲ್ಲವೇ?" ಅಂದರು.

ಆಗಸ್ಟ್ 14, ಸೋಮವಾರ

ಆ ಮೊಮ್ಮಗನೇ ಬಂದ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅಜ್ಜಿ ಹೇಳಿದ್ದು ಅವನಿಗೆ ತಲೆಕೆಳಗಾಗಿ ಕಂಡಿದೆ. "ಅಂಕಲ್, 20 ಅಂದರೆ 12ಕ್ಕಿಂತ ದೊಡ್ಡದಲ್ಲವಾ? ಅದು ಹೇಗೆ ಒಳಗೆ ಜಾರುತ್ತೆ?"

ಬೋರಿನ ಲೆಕ್ಕ ಹಿಂದುಮುಂದು. ಒಂದು ಪೌಂಡ್ ಸೀಸ ಕರಗಿಸಿ ಸಮನಾದ 12 ಗುಂಡು ಮಾಡಿದರೆ, ಒಂದು ಗುಂಡಿನ ಅಡ್ಡಳತೆ ಎಷ್ಟೋ ಅಷ್ಟು ನಳಿಕೆಯ ಬಾಯಿ. ಅದು .729 ಇಂಚು, ಹತ್ತಿರ ಹತ್ತಿರ ಹದಿನೆಂಟೂವರೆ ಮಿಲಿಮೀಟರು. ಅದೇ ಪೌಂಡಿನಲ್ಲಿ 20 ಗುಂಡು ಮಾಡಿದರೆ ಗುಂಡು ಸಣ್ಣದಾಗಲೇಬೇಕಲ್ಲ, .615 ಇಂಚು. 16 ಇವೆರಡರ ನಡುವಿನದು. ಅಂಕಿ ಏರಿದಂತೆ ಬಾಯಿ ಕಿರಿದು.

ಹುಡುಗ ಚುರುಕು. ಫೋನಿನಲ್ಲಿ ಲೆಕ್ಕ ಹಾಕಿ ಸರಿ ಅಂತ ಒಪ್ಪಿದ. ಮರುಕ್ಷಣವೇ ಕೇಳಿದ, "ಹಾಗಾದರೆ 410 ಬೋರ್ ಅಂದರೆ ಪೌಂಡಿಗೆ ನಾನೂರಹತ್ತು ಗುಂಡಾ?" ಅಲ್ಲ. ಆ ಒಂದು ಮಾತ್ರ ಈ ಲೆಕ್ಕಕ್ಕೆ ಸೇರದ್ದು. ಅದು ನೇರವಾಗಿ ಇಂಚಿನ ಅಳತೆ, ಪಾಯಿಂಟ್ 410. ಸೀಸದ ಲೆಕ್ಕಕ್ಕೆ ತಂದರೆ 67ರ ಸುಮಾರಿಗೆ ಬಂದೀತು. ಅದರಲ್ಲೂ ನಮ್ಮ ದೇಶದ್ದೇ ಒಂದು ತೊಡಕಿದೆ. ಈಶಾಪುರದ ಕಾರ್ಖಾನೆಯಲ್ಲಿ ಹಳೆಯ .303 ರೈಫಲ್ಲುಗಳ ನಳಿಕೆ ಕೊರೆದು, ಪೊಲೀಸರಿಗೆ, ಕಾವಲಿನವರಿಗೆ ಕೊಡಲು .410 ಮಸ್ಕೆಟ್ ಮಾಡಿದ್ದರು. ಅದರ ತೋಟೆ .303ರ ಕೊಳವೆಯದ್ದೇ ರೂಪ, ಬುಡ ದಪ್ಪ. ಪೇಟೆಯಲ್ಲಿ ಸಿಗುವ .410 ಚರೆ ತೋಟೆ ಮಸ್ಕೆಟ್ಟಿಗೆ ಅಲ್ಲ, ಮಸ್ಕೆಟ್ಟಿನದು .410 ಚರೆ ಕೋವಿಗೆ ಅಲ್ಲ. ಎರಡರ ಹಣೆಯ ಮೇಲೂ ಒಂದೇ ಅಂಕಿ.

ಆಗಸ್ಟ್ 17, ಗುರುವಾರ

ದಿನವೆಲ್ಲ ಒಂದೇ ಕೋವಿಯ ಜೊತೆ ಹೋಯಿತು. ಗೋಣಿಕೊಪ್ಪದ ಕಡೆಯ ತೋಟದವರು, ನನಗಿಂತ ಹಿರಿಯರು. ಹಬ್ಬಕ್ಕೆ 12 ಬೋರಿನ ತೋಟೆ ಎರಡು ಪೆಟ್ಟಿಗೆ ಬೇಕೆಂದರು. ಕೋವಿ ಕಾರಿನಲ್ಲೇ ಇದೆ ಅಂದರು. ಹೊಸ ಗಿರಾಕಿಯಾದರೆ ಕೋವಿ ನೋಡದೆ ತೋಟೆ ಕೊಡುವ ಅಭ್ಯಾಸ ನನಗಿಲ್ಲ, ತರಿಸಿದೆ.

ಬರ್ಮಿಂಗ್‌ಹ್ಯಾಮಿನ ಮಾಲು, ಹೊರಗೆ ಹ್ಯಾಮರ್ ಕುದುರೆಗಳಿರುವ ಜೋಡಿ ನಳಿಕೆ. ಮುರಿದು, ನಳಿಕೆ ಕಳಚಿ, ಕಿಟಕಿಯ ಬೆಳಕಿಗೆ ಹಿಡಿದೆ. ನಳಿಕೆಯುದ್ದಕ್ಕೂ ಕಂದು ಬೆಳ್ಳಿಯ ಸುರುಳಿ ಸುರುಳಿ ಚಿತ್ತಾರ. ಡಮಾಸ್ಕಸ್ ಅಂತಾರೆ, ಕಬ್ಬಿಣ ಉಕ್ಕಿನ ಪಟ್ಟಿಗಳನ್ನು ಹುರಿಗೊಳಿಸಿ, ಸಲಾಕೆಗೆ ಸುತ್ತಿ, ಬಡಿದು ಬೆಸೆದದ್ದು. ನೋಡಲು ಅಷ್ಟು ಚಂದದ ಕಬ್ಬಿಣ ಈಗ ಯಾರೂ ಮಾಡುವುದಿಲ್ಲ. ನಳಿಕೆಯ ತಳದ ಚಪ್ಪಟೆ ಜಾಗದಲ್ಲಿ ಎಣ್ಣೆ ಒರೆಸಿ ಭೂತಗನ್ನಡಿ ಇಟ್ಟರೆ ಮುದ್ರೆಗಳು ಕಂಡವು. ಕಿರೀಟ, ಅದರ ಕೆಳಗೆ ಪರೀಕ್ಷೆಯ ಅಕ್ಷರಗಳು. ಪಕ್ಕದಲ್ಲಿ ವಜ್ರಾಕಾರದ ಚೌಕಟ್ಟು, ಒಳಗೆ ಮೇಲೆ 12, ಕೆಳಗೆ ಸಿ ಅಕ್ಷರ. 1887ರಿಂದೀಚೆ ಹಾಕಲು ಶುರುಮಾಡಿದ ಗುರುತು ಅದು. ಎಲ್‌ಸಿ ಇದ್ದರೆ ಮೂರು ಇಂಚಿನ ಉದ್ದ ಚೇಂಬರು, ಬರೀ ಸಿ ಇದ್ದರೆ ಅದಕ್ಕಿಂತ ಗಿಡ್ಡ. ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆ ಮಾಡಿದ್ದಕ್ಕೆ ಎನ್‌ಪಿ ಎಂಬ ಅಕ್ಷರ ಇರಬೇಕಿತ್ತು. ಹುಡುಕಿದೆ, ಇಲ್ಲ. ಕರಿಮದ್ದಿಗಷ್ಟೇ ಸೈ ಅನ್ನಿಸಿಕೊಂಡ ಕೋವಿ. ಅಳತೆಕಡ್ಡಿ ಇಳಿಸಿದೆ, ಚೇಂಬರು ಎರಡೂವರೆ ಇಂಚು, ಅಂದರೆ 65 ಮಿಲಿಮೀಟರು.

ಈ ಸಲ ನಮಗೆ ಬಂದಿರುವ ಸರಕೆಲ್ಲ ಖಡ್ಕಿ ಕಾರ್ಖಾನೆಯ ಶಕ್ತಿಮಾನ್, 70 ಮಿಲಿಮೀಟರಿನದು. ಸಿಪಾಯಿ ದಂಗೆಯಾಗಿ ಹನ್ನೆರಡು ವರ್ಷಕ್ಕೆ, 1869ರಲ್ಲಿ ಶುರುವಾದ ಕಾರ್ಖಾನೆ ಅದು, ತೋಟೆಯ ಬುಡದಲ್ಲಿ ಕೆಎಫ್ ಅಂತ ಇರುತ್ತದೆ. ತೋಟೆಯ ಮೇಲೆ ನನಗೆ ದೂರಿಲ್ಲ. ಈ ಕೋವಿಗೆ ಅಲ್ಲ, ಅಷ್ಟೆ.

ಹಿರಿಯರು ನಂಬಲಿಲ್ಲ. ನಾನು ಮಾದರಿಗೆ ಇಟ್ಟಿರುವ ಖಾಲಿ ಡಮ್ಮಿ ತೋಟೆಯೊಂದನ್ನು ತಾವೇ ತೆಗೆದು ನಳಿಕೆಗೆ ಹಾಕಿದರು. ಸರಾಗವಾಗಿ ಕೂತಿತು. "ನೋಡಿ, ಅಳತೆಗೆ ಹೊಲಿಸಿದ ಹಾಗಿದೆ!"

ಮೋಸವಿರುವುದು ಅಲ್ಲೇ. 70 ಅನ್ನುವುದು ಹೊಡೆದ ಮೇಲೆ, ಬಾಯಿ ಬಿಚ್ಚಿಕೊಂಡ ಕೊಳವೆಯ ಉದ್ದ. ಹೊಡೆಯುವ ಮುಂಚೆ ಬಾಯಿ ಒಳಕ್ಕೆ ಮಡಿಚಿರುತ್ತದೆ, ಅಳೆದರೆ 60ರ ಆಸುಪಾಸು. ಆದ್ದರಿಂದ 65ರ ಚೇಂಬರಿಗೆ ಬೇಕಾದಷ್ಟು ಜಾಗ ಬಿಟ್ಟೇ ಕೂರುತ್ತದೆ. ಮದ್ದು ಹತ್ತಿಕೊಂಡಾಗ ಮಡಿಕೆ ಬಿಚ್ಚಿ ಮುಂದಕ್ಕೆ ಚಾಚುತ್ತದೆ, ಚಾಚಿದಷ್ಟೂ ನಳಿಕೆ ಕಿರಿದಾಗುವ ಕುತ್ತಿಗೆಯೊಳಗೆ ಹೋಗಿ ಹಾದಿ ಕಟ್ಟುತ್ತದೆ. ಚರೆ, ಬತ್ತಿ ಎಲ್ಲ ಆ ಇಕ್ಕಟ್ಟಿನಲ್ಲಿ ನುಗ್ಗಬೇಕು. ಒತ್ತಡ ಏರುತ್ತದೆ. ಒಂದೇ ಈಡಿಗೆ ಒಡೆಯಬೇಕೆಂದೇನಿಲ್ಲ, ಕೀಲು ಸಡಿಲವಾಗಿ, ನಳಿಕೆ ಉಬ್ಬಿ, ನೂರನೆಯದಕ್ಕೂ ಒಡೆಯಬಹುದು. ಪೆಟ್ಟಿಗೆಯ ಮೇಲೆ 65ರ ಚೇಂಬರಿಗೂ ಆದೀತು ಎಂದು ಕಂಪನಿಯೇ ಬರೆದಿದ್ದರೆ ಬೇರೆ ಮಾತು. ಅಂಥವೂ ಇಂಗ್ಲೆಂಡಿನಲ್ಲಿವೆ. ಇದು ಅಂಥದ್ದಲ್ಲ. ಮೇಲಾಗಿ ನಳಿಕೆ ಕರಿಮದ್ದಿನದ್ದು.

"ನಮ್ಮ ಅಪ್ಪ ಇದರಲ್ಲೇ ಹಂದಿ ಹೊಡೆದಿದ್ದಾರೆ."

"ಯಾವ ತೋಟೆಯಲ್ಲಿ ಅಂತ ಹೇಳಿದ್ದರಾ?"

ಉತ್ತರ ಬರಲಿಲ್ಲ. ತಮ್ಮ ವಿನಾಯಿತಿ ಪತ್ರ ಬಿಚ್ಚಿ ಮೇಜಿನ ಮೇಲಿಟ್ಟರು. ಕೊಡವರಿಗೆ ಕೋವಿ ಇಟ್ಟುಕೊಳ್ಳಲು 1861ರಲ್ಲಿ ಕಬ್ಬನ್ ಸಾಹೇಬರ ಕಾಲದಿಂದ ಬಂದ ವಿನಾಯಿತಿ, 2019ರಲ್ಲಿ ಕೇಂದ್ರ ಸರ್ಕಾರ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿದ್ದು. ಪತ್ರದಲ್ಲಿ ನಂಬರಿದೆ, ಕಂಪನಿಯಿದೆ, ಬೋರಿನ ಎದುರಿಗೆ 12 ಎಂದಿದೆ. "ನೀವು ಮಾರುವುದೂ 12, ನನ್ನದೂ 12. ಸರ್ಕಾರವೇ ಬರೆದುಕೊಟ್ಟಿದೆ, ನಿಮ್ಮದೇನು?"

ಅವರ ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಕಾಗದದಲ್ಲಿರುವುದು ಅರ್ಧ ಹೆಸರು. ಈ ಊರಲ್ಲಿ ಮನೆಹೆಸರು ಮಾತ್ರ ಹೇಳಿ ಮದುವೆಯ ಕಾಗದ ಕಳಿಸಿದರೆ ಇಡೀ ಒಕ್ಕ ಬಂದು ಕೂರುತ್ತದೆ, ಯಾರನ್ನು ಕರೆದಿರಿ ಅನ್ನುವುದು ಕೊನೆಗೂ ಗೊತ್ತಾಗುವುದಿಲ್ಲ. 12 ಎಂಬುದು ಹಾಗೆ ಮನೆಹೆಸರು. ಉದ್ದ, ಮದ್ದು ಎರಡೂ ಸೇರಿದರೆ ಪೂರ್ತಿ.

ಸಿಟ್ಟು ಮಾಡಿಕೊಂಡು ಹೋದರು. ಬೇರೆಲ್ಲಾದರೂ ಸಿಕ್ಕೀತು ಅವರಿಗೆ. ಸಿಗದಿರಲಿ.

ಆಗಸ್ಟ್ 20, ಭಾನುವಾರ

ಅಂಗಡಿಗೆ ರಜೆ. ಮೊನ್ನೆಯದೇ ತಲೆಯಲ್ಲಿ.

ಚರೆ ಕೋವಿಯದ್ದು ಹೀಗಾದರೆ ರೈಫಲ್ಲಿನ ಹೆಸರುಗಳು ಇನ್ನೂ ಮಜಾ. ಅವನ್ನು ಅಳತೆ ಅಂತ ಓದಿದವನು ಕೆಟ್ಟ, ಚರಿತ್ರೆ ಅಂತ ಓದಬೇಕು. ಅಮೆರಿಕದವರ .30-06ರಲ್ಲಿ 06 ಅನ್ನುವುದು ಸೈನ್ಯ ಅದನ್ನು ಒಪ್ಪಿಕೊಂಡ 1906ನೇ ಇಸವಿ. .30-30ರಲ್ಲಿ ಎರಡನೆಯ 30 ಮದ್ದಿನ ತೂಕ, 30 ಗ್ರೇನು. ಗೆರೆಯ ಆಚೆ ಒಮ್ಮೆ ವರ್ಷ, ಒಮ್ಮೆ ತೂಕ. ಇಂಗ್ಲಿಷರದ್ದು ಮತ್ತೊಂದು ಕ್ರಮ. 577/450 ಎಂದರೆ .577ರ ಕೊಳವೆಯ ಕುತ್ತಿಗೆ ಹಿಸುಕಿ .450ರ ಗುಂಡು ಕೂರಿಸಿದ್ದು, ತಾಯಿಯ ಹೆಸರು ಮೊದಲು.

ಆ 577/450 ಮಾರ್ಟಿನಿ ಹೆನ್ರಿಯಿಂದಲೇ ಬೇಟೆಯ ರೈಫಲ್ಲುಗಳ ವಂಶಾವಳಿ ಬದಲಾಯಿತು. ಬಂಡಾಯಗಾರರ ಕೈಯಲ್ಲಿ ಆ ರೈಫಲ್ಲುಗಳಿದ್ದವು. ಅವಕ್ಕೆ ಗುಂಡು ಸಿಗಬಾರದೆಂದು 1907ರಲ್ಲಿ ಹಿಂದೂಸ್ತಾನಕ್ಕೂ ಸುಡಾನಿಗೂ .450 ಬರುವುದನ್ನೇ ಬ್ರಿಟಿಷ್ ಸರ್ಕಾರ ತಡೆಯಿತು. ಆಗ ಆನೆ, ಕಾಟಿಗೆಂದು ಲಂಡನ್ನಿನವರು ಮಾಡುತ್ತಿದ್ದ ಹೆಸರಾಂತ ತೋಟೆಯೂ .450ರದ್ದೇ. ಗಿರಾಕಿಗಳ ದೊಡ್ಡ ಪಾಲು ಇಲ್ಲಿಯವರು. ಒಬ್ಬೊಬ್ಬ ಕಂಪನಿಯವನೂ ಕಾನೂನಿನ ಅಂಕಿಯಿಂದ ಕೂದಲೆಳೆಯಷ್ಟು ಸರಿದು ನಿಂತ. .470, .476, ಹಾಲೆಂಡ್ ಅಂಡ್ ಹಾಲೆಂಡಿನವರ 500/465. ಪ್ರಾಣಿ ಬೇರೆಯಲ್ಲ, ಬೇಟೆ ಬೇರೆಯಲ್ಲ, ಒಂದು ಸರ್ಕಾರಿ ಆಜ್ಞೆಗೆ ಇಷ್ಟು ಹೊಸ ತೋಟೆ ಹುಟ್ಟಿದವು. ಒಂದರದ್ದು ಇನ್ನೊಂದಕ್ಕೆ ಹಾಕುವಂತಿಲ್ಲ.

ತದ್ವಿರುದ್ಧವೂ ಉಂಟು. ಚಂಪಾವತ್‌ನ ಹುಲಿ ಹೊಡೆದಿದ್ದಕ್ಕೆ ಜಿಮ್ ಕಾರ್ಬೆಟ್ಟರಿಗೆ ಉಡುಗೊರೆ ಬಂದ .275 ರಿಗ್ಬಿ ಯಾವ ತೋಟೆ ತಿನ್ನುತ್ತಿತ್ತು? ಜರ್ಮನಿಯ 7×57 ಮೌಸರ್‌ನದ್ದೇ. ಇಂಗ್ಲೆಂಡಿನಲ್ಲಿ ಮಾರಲು ಇಂಚಿನ ಹೆಸರು ಕೊಟ್ಟರು, ಅಷ್ಟೆ. ಎರಡು ಹೆಸರು, ಒಂದೇ ತೋಟೆ. ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ನರದ್ದು .405 ವಿಂಚೆಸ್ಟರ್. ಮೊನ್ನೆಯ .410ಕ್ಕೂ ಅದಕ್ಕೂ ಅಂಕಿಯಲ್ಲಿ ಅಂಗೈಯಷ್ಟೂ ದೂರವಿಲ್ಲ, ಒಂದು ಹುಲಿಗೆ, ಒಂದು ಗುಬ್ಬಿಗೆ.

ನಮ್ಮ .315 ಕೂಡ ಹೀಗೆ. ಸೈನ್ಯದ .303 ಸಾರ್ವಜನಿಕರಿಗೆ ಕೂಡದು ಅಂದಮೇಲೆ ಕೊಡಲು ಇನ್ನೊಂದು ಬೇಕಿತ್ತು. ಆಸ್ಟ್ರಿಯಾದ 8 ಮಿಲಿಮೀಟರ್ ಮಾನ್ಲಿಕರ್ ಬಳಗದ ತೋಟೆ ತಂದರು. 8 ಮಿಲಿಮೀಟರನ್ನು ಇಂಚಿಗಿಳಿಸಿದರೆ .315. ಉತ್ತರದ ಕಡೆ ಬೆಳೆ ಕಾಯುವ ರೈತನ ಕೈಯಲ್ಲಿ ಇವತ್ತಿಗೂ ಅದೇ.

ಮಡದಿ ಊಟಕ್ಕೆ ಕರೆದು ಮೂರು ಸಲವಾಯಿತು.

ಆಗಸ್ಟ್ 23, ಬುಧವಾರ

ಸಂಜೆ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ತೋಟೆಗಲ್ಲ, ಟಿವಿಗೆ. ಚಂದ್ರಯಾನ ಇಳಿಯಿತು. ಪಕ್ಕದ ಬೇಕರಿಯವರು ಜಿಲೇಬಿ ಹಂಚಿದರು.

ಆ ಗದ್ದಲದಲ್ಲೇ ನಿವೃತ್ತ ಸುಬೇದಾರರು ಸಿಕ್ಕಿದರು. ಅವರದ್ದು ಕಾನ್ಪುರದ .32 ರಿವಾಲ್ವರ್, ಲೈಸೆನ್ಸಿನದು. ತಮ್ಮನದ್ದು .32 ಪಿಸ್ತೂಲು. ತಮ್ಮ ಬೆಂಗಳೂರಿನಲ್ಲಿ ಒಂದು ಪೆಟ್ಟಿಗೆ ಕೊಂಡಿದ್ದಾನೆ, ಇಬ್ಬರೂ ಹಂಚಿಕೊಳ್ಳಬಹುದೇ ಅಂತ. ಲೈಸೆನ್ಸು ಬೇರೆ ಬೇರೆ, ಹಂಚಿಕೊಳ್ಳುವ ಮಾತೇ ಇಲ್ಲ ಅಂದೆ. ಅದು ಅವರಿಗೂ ಗೊತ್ತು. "ಕಾನೂನು ಬಿಡಿ, ಆಗುತ್ತೋ ಇಲ್ಲವೋ ಹೇಳಿ."

ಆಗುವುದಿಲ್ಲ. ರಿವಾಲ್ವರಿನದು .32 ಸ್ಮಿತ್ ಅಂಡ್ ವೆಸನ್ ಲಾಂಗ್, ಕೊಳವೆಯ ಉದ್ದ 23 ಮಿಲಿಮೀಟರು, ಬುಡದಲ್ಲಿ ಎದ್ದು ಕಾಣುವ ಅಂಚು. ಆ ಅಂಚೇ ಉರುಳೆಯಲ್ಲಿ ತೋಟೆಯನ್ನು ಹಿಡಿದು ನಿಲ್ಲಿಸುವುದು. ಪಿಸ್ತೂಲಿನದು .32 ಎಸಿಪಿ, ಉದ್ದ 17, ಅಂಚು ಇದೆಯೋ ಇಲ್ಲವೋ ಅನ್ನುವಷ್ಟು. ಲಾಂಗ್ ತೋಟೆ ಪಿಸ್ತೂಲಿನ ಮ್ಯಾಗಜೀನಿಗೆ ಇಳಿಯುವುದೇ ಇಲ್ಲ. ಎಸಿಪಿ ಕೆಲವು ರಿವಾಲ್ವರಿನಲ್ಲಿ ಕೂತುಬಿಡುತ್ತದೆ. ಕೂತದ್ದೆಲ್ಲ ಹೊಡೆಯಲಿಕ್ಕಲ್ಲ, ಅದರ ಒತ್ತಡ ಹೆಚ್ಚು. ಲೈಸೆನ್ಸಿನಲ್ಲಿ ಇಬ್ಬರಿಗೂ .32 ಅಂತಲೇ ಇದೆ.

ಸುಬೇದಾರರಿಗೆ ಇದು ಹೊಸದಲ್ಲ. "ನಮ್ಮ ಎಸ್‌ಎಲ್‌ಆರೂ 7.62, ಎಕೆನೂ 7.62. ಆದರೆ ಕೋತ್‌ನಲ್ಲಿ, ಆಯುಧದ ಕೋಣೆಯಲ್ಲಿ, ಯಾರೂ ಬರೀ 7.62 ಕೊಡಿ ಅನ್ನುತ್ತಿರಲಿಲ್ಲ" ಅಂದರು. ಒಂದರ ಕೊಳವೆ 51 ಮಿಲಿಮೀಟರು, ಇನ್ನೊಂದರದ್ದು 39. ಮಿಲಿಮೀಟರಿನವರ ಹೆಸರಿಡುವ ಕ್ರಮ ನನಗೆ ಇಷ್ಟವಾಗುವುದು ಇದಕ್ಕೇ: ಮೊದಲು ಗುಂಡಿನ ದಪ್ಪ, ನಡುವೆ ಗುಣಿಸು ಚಿಹ್ನೆ, ಆಮೇಲೆ ಕೊಳವೆಯ ಉದ್ದ, ಅಂಚಿದ್ದರೆ ಕೊನೆಗೊಂದು ಆರ್. ಅದೂ ಎಲ್ಲವನ್ನೂ ಹೇಳುವುದಿಲ್ಲ. ಜರ್ಮನ್ನರ 8×57ರಲ್ಲೇ ಎರಡಿವೆ, 1888ರ ಹಳೆಯ ಗುಂಡು .318 ಇಂಚು, 1905ರದ್ದು .323. ಹಳೆಯ ನಳಿಕೆಗೆ ಹೊಸ ಗುಂಡು ಹಾಕಿದರೆ ಮುಖ ಉಳಿಯುವುದು ಅದೃಷ್ಟ. ಆದರೂ ನಮ್ಮ ಇಂಚಿನ ಅರೆಬರೆಗಿಂತ ವಾಸಿ.

ಆಗಸ್ಟ್ 27, ಭಾನುವಾರ

ಟೆಕ್ಸಸ್‌ನಿಂದ ತಂಗಿಯ ಮಗನ ಫೋನು. ಅಲ್ಲಿ ಅಂಗಡಿಯಲ್ಲಿ ಕಡಲೆಪುರಿಯ ಹಾಗೆ ತೋಟೆ ಗುಡ್ಡೆ ಹಾಕಿರುತ್ತಾರಂತೆ. "ಮಾವ, ನಿಮ್ಮ 20-12ರ ಕತೆಯಂಥದ್ದೇ ಇಲ್ಲೂ ಇದೆ" ಅಂದ. .300 ಬ್ಲ್ಯಾಕ್‌ಔಟ್ ಎಂಬ ತೋಟೆ, .223ರ ಕೊಳವೆಯನ್ನೇ ಮೊಟಕು ಮಾಡಿ ದಪ್ಪ ಗುಂಡು ಕೂರಿಸಿದ್ದು. ಅದೇ ಮ್ಯಾಗಜೀನು, ಅದೇ ಬುಡ. .223, 5.56ರ ರೈಫಲ್ಲಿಗೆ ತಪ್ಪಿ ಹಾಕಿದರೆ ಕೆಲವೊಮ್ಮೆ ಬೋಲ್ಟು ಮುಚ್ಚಿಕೊಳ್ಳುತ್ತದೆ. 7.8 ಮಿಲಿಮೀಟರಿನ ಗುಂಡು 5.7ರ ತೂತಿನಲ್ಲಿ ಹೋಗಬೇಕು. ರೈಫಲ್ಲು ಚೂರು. ಅದಕ್ಕೆಂದು ಮ್ಯಾಗಜೀನಿಗೆ ಬಣ್ಣದ ಪಟ್ಟಿ ಹಾಕಿಕೊಳ್ಳುತ್ತಾರಂತೆ.

ಒಮ್ಮುಖ ಹೊಂದಾಣಿಕೆಯ ಮಾತೂ ಬಂತು. .357 ಮ್ಯಾಗ್ನಮ್ ರಿವಾಲ್ವರಿನಲ್ಲಿ .38 ಸ್ಪೆಷಲ್ ಹೊಡೆಯಬಹುದು, ತಿರುಗಾ ಕೂಡದು. ಎರಡರ ಗುಂಡೂ .357 ಇಂಚೇ. .38 ಅಂದದ್ದು ಹಳೆಯ ರೂಢಿಯ ಉತ್ಪ್ರೇಕ್ಷೆ. ಮ್ಯಾಗ್ನಮ್ಮಿನ ಕೊಳವೆಯನ್ನು ಬೇಕೆಂದೇ ಉದ್ದ ಮಾಡಿದರು, ಹಳೆಯ ಗನ್ನಿನಲ್ಲಿ ಅದು ಕೂರಲೇಬಾರದೆಂದು. ಹೆಸರಿನ ಮೇಲೆ ಭರವಸೆಯಿಡದೆ ಲೋಹದಲ್ಲೇ ತಡೆ ಇಟ್ಟ ಬುದ್ಧಿವಂತಿಕೆ. 65-70ರ ವಿಷಯದಲ್ಲೂ ಯಾರಾದರೂ ಹಾಗೆ ಯೋಚಿಸಬೇಕಿತ್ತು.

ಸೆಪ್ಟೆಂಬರ್ 1, ಶುಕ್ರವಾರ

ವ್ಯಾಪಾರವೋ ವ್ಯಾಪಾರ. ಬರೆಯಲು ಪುರುಸೊತ್ತಿಲ್ಲ. ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ ಊರೂರಿನಲ್ಲಿ. .22ಕ್ಕೂ 12ಕ್ಕೂ ಬೇಡಿಕೆ. .22ರಲ್ಲಿ ಶಾರ್ಟ್ ಒಂದು, ಲಾಂಗ್ ರೈಫಲ್ ಒಂದು. ಶಾರ್ಟು ಲಾಂಗ್ ರೈಫಲ್ಲಿನ ಚೇಂಬರಿನಲ್ಲಿ ನಡೆಯುತ್ತದೆ. .22 ಮ್ಯಾಗ್ನಮ್ಮಿನ ಕೊಳವೆಯೇ ದಪ್ಪ, ಇದಕ್ಕೆ ಹೋಗುವುದಿಲ್ಲ. ಲಾಂಗ್ ರೈಫಲ್ಲನ್ನು ಮ್ಯಾಗ್ನಮ್ಮಿಗೆ ಹಾಕಿದರೆ ಸಡಿಲ, ಕೊಳವೆ ಸೀಳುತ್ತದೆ. ಇಲ್ಲೂ ಅದೇ ನೀತಿ, ಸಣ್ಣದೇ ಅಪಾಯ.

ಒಬ್ಬ ಹುಡುಗ ದಪ್ಪ ಚರೆಯ ಎಲ್‌ಜಿ ತೋಟೆ ಕೇಳಿದ. ತೆಂಗಿನಕಾಯಿಗೆ ಎಲ್‌ಜಿ ಯಾಕಪ್ಪ? ಒಂದು ಔನ್ಸಿಗೆ ಆರೇ ಗುಂಡು, ಎಸ್‌ಜಿಯಾದರೆ ಎಂಟು. ಅವು ಹಂದಿ, ಕಡವೆಯ ಕಾಲದವು. ಬೇಟೆಗೆ 1972ರ ಕಾಯ್ದೆಯೇ ಕಡಿವಾಣ ಹಾಕಿತು. ನಗುತ್ತ ಸುಮ್ಮನಾದ. ಅವನ ನಗು ನನಗೆ ಹಿಡಿಸಲಿಲ್ಲ, ಕೊಡಲಿಲ್ಲ.

ಸೆಪ್ಟೆಂಬರ್ 7, ಗುರುವಾರ

ಹಬ್ಬ ಕಳೆಯಿತು. ಪರಿಚಯದ ಮನೆಯೊಂದರಲ್ಲಿ ಕಡಂಬುಟ್ಟು, ಪಂದಿಕರಿ ಊಟ. ನಡುಮನೆಯ ನೆಲ್ಲಕ್ಕಿ ಬಾಡೆಯಲ್ಲಿ ಕೋವಿಗಳ ಸಾಲು, ಬಾಯಿಗೆ ಸಿಕ್ಕಿಸಿದ ತೋಕ್ ಪೂ, ಕೋವಿ ಹೂವು.

ಇವತ್ತು ಗೋಣಿಕೊಪ್ಪದ ಹಿರಿಯರು ಮತ್ತೆ ಬಂದರು. ಹಬ್ಬದ ದಿನ ಆ ಕೋವಿಗೆ ಪೂಜೆಯನ್ನಷ್ಟೇ ಮಾಡಿ, ಮಗನ ಹೊಸ ಕೋವಿಯಲ್ಲಿ ಹೊಡೆದರಂತೆ. ಸಿಟ್ಟು ಇಳಿದಿದೆ, ಹಟ ಇಳಿದಿಲ್ಲ. ಮಿಸ್ತ್ರಿಯೊಬ್ಬ ಚೇಂಬರನ್ನು 70ಕ್ಕೆ ಕೊರೆದುಕೊಡುತ್ತೇನೆ ಅಂದಿದ್ದಾನೆ. "ಆಮೇಲಾದರೂ ತೋಟೆ ಕೊಡುತ್ತೀರಲ್ಲ?"

ಕೊರೆದರೆ ಉದ್ದ ಸರಿಹೋದೀತು, ಆದರೆ ಒತ್ತಡ ಅತಿ ಹೆಚ್ಚಾಗಿ ಬೀಳುವ ಜಾಗದಲ್ಲೇ ಗೋಡೆ ತೆಳುವಾಗುತ್ತದೆ. ಹಾಗೆ ಬದಲಾಯಿಸಿದ ಕೋವಿಯನ್ನು ಬರ್ಮಿಂಗ್‌ಹ್ಯಾಮಿನಲ್ಲಾದರೆ ಮತ್ತೆ ಪರೀಕ್ಷೆಗೆ ಹಾಕದೆ ಮಾರುವಂತಿಲ್ಲ. ಡಮಾಸ್ಕಸ್ಸಿನ ಬೆಸುಗೆ, ನೂರು ವರ್ಷದ ತುಕ್ಕು ಒಳಗೆಲ್ಲಿದೆಯೋ. ಮಿಸ್ತ್ರಿಯ ರೀಮರಿಗೆ ಅದೆಲ್ಲ ಗೊತ್ತಾಗುವುದಿಲ್ಲ. ಬೇಡ ಅಂದೆ. ಮಗನ ಕೋವಿ ತೋರಿಸಿ ಅಂದೆ. ತಂದಿದ್ದರು. ನಳಿಕೆಯ ಮೇಲೆಯೇ ಸ್ಪಷ್ಟವಾಗಿ 12, ಗುಣಿಸು, 70. ಅದಕ್ಕೆ ಒಂದು ಪೆಟ್ಟಿಗೆ ಕೊಟ್ಟೆ.

ಮಾರಾಟದ ರಿಜಿಸ್ಟರಿನಲ್ಲಿ ಬೋರಿನ ಕಾಲಂ ಪಕ್ಕ ಗೆರೆ ಎಳೆದು ಚೇಂಬರಿನ ಉದ್ದಕ್ಕೆಂದು ಇನ್ನೊಂದು ಕಾಲಂ ಮಾಡಿದ್ದೇನೆ. ತಪಾಸಣೆಗೆ ಬರುವವರು ಇದೇನು ಅಂತ ಕೇಳಿಯೇ ಕೇಳುತ್ತಾರೆ. ಕೇಳಲಿ. ಹಿರಿಯರ ಬರ್ಮಿಂಗ್‌ಹ್ಯಾಮ್ ಕೋವಿಯ ಎದುರು 65, ಕರಿಮದ್ದು ಮಾತ್ರ, ಕೊಡಕೂಡದು ಎಂದು ಕೆಂಪು ಶಾಯಿಯಲ್ಲಿ ಬರೆದೆ. ನಾನಿಲ್ಲದ ದಿನ ಅಂಗಡಿಯಲ್ಲಿ ಹುಡುಗ ಇರುತ್ತಾನೆ, ಅವನಿಗೂ ತೋರಿಸಿದೆ.